ಆಷಾಢದ ಡಿಸ್ಕು

ನಮ್ಮ ಮನೆಗೆ ಕಂಪ್ಯೂಟರು ಬಂದದ್ದು 2014ರಲ್ಲಿ, ನಾನು ಮೇಷ್ಟರಿಕೆಯಿಂದ ನಿವೃತ್ತನಾದ ವರ್ಷ. ಆಗ ಅದಕ್ಕೂ ಹುರುಪಿತ್ತು, ನನಗೂ ಇತ್ತು. ಆಮೇಲೆ ಇಬ್ಬರೂ ಮಾತಾಡಿಕೊಂಡವರಂತೆ ಒಟ್ಟಿಗೇ ನಿಧಾನವಾದೆವು. ಬೆಳಗ್ಗೆ ಅದರ ಗುಂಡಿ ಒತ್ತಿ, ಅಡುಗೆಮನೆಗೆ ಹೋಗಿ ಹಾಲು ಕಾಯಿಸಿ, ಡಿಕಾಕ್ಷನ್ ಬೆರೆಸಿ, ಲೋಟ ಹಿಡಿದು ಬಂದರೆ ಪರದೆಯ ಮೇಲೆ ನಾಲ್ಕು ಬಣ್ಣದ ಕಿಟಕಿ ಇನ್ನೂ ಮಿಣುಕುತ್ತಲೇ ಇರುತ್ತಿತ್ತು. ಒಳಗಿನಿಂದ ಕಟ ಕಟ ಕಟ ಎಂದು ಯಾರೋ ಅಡಿಕೆ ಕತ್ತರಿಸುವ ಸದ್ದು. ಕಾಫಿ ಮುಗಿಯಬೇಕು, ಪತ್ರಿಕೆಯ ನಿಧನದ ಪುಟದಲ್ಲಿ ಪರಿಚಯದ ಮುಖ ಯಾವುದೂ ಇಲ್ಲವೆಂದು ಖಾತ್ರಿಯಾಗಬೇಕು, ಆಮೇಲೆ ಅದು ಎದ್ದು ಕೂರುತ್ತಿತ್ತು.

ತಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಯುಗಾದಿಗೆ ಬಂದವನು ಈ ಅಡಿಕೆ ಕತ್ತರಿಸುವ ಸದ್ದನ್ನು ಐದು ನಿಮಿಷ ಕೇಳಿ, "ದೊಡ್ಡಪ್ಪ, ಇದಕ್ಕೊಂದು ಎಸ್‌ಎಸ್‌ಡಿ ಹಾಕ್ಬಿಡಿ. ಹತ್ತು ವರ್ಷ ಚಿಕ್ಕದಾಗತ್ತೆ" ಅಂದ. ನಮ್ಮಂಥವರಿಗೂ ಅಂಥದ್ದೇನಾದರೂ ಸಿಗುತ್ತದೆಯೇ ಎಂದು ಕೇಳಬೇಕೆನಿಸಿತು. ಹೆಂಡತಿ ಅಲ್ಲೇ ಕೂತಿದ್ದಳು, ಸುಮ್ಮನಾದೆ.

ಸದ್ದು ಬರುತ್ತಿದ್ದದ್ದು ಹಾರ್ಡ್ ಡಿಸ್ಕಿನಿಂದ. ಅದರೊಳಗೆ ತಟ್ಟೆಗಳು ತಿರುಗುತ್ತವೆ. ನಮ್ಮದರಲ್ಲಿ ನಿಮಿಷಕ್ಕೆ 7200 ಸುತ್ತು, ಅಂದರೆ ಒಮ್ಮೆ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಹತ್ತಾರು ಪ್ರದಕ್ಷಿಣೆ. ಇಷ್ಟು ಸುತ್ತಿಯೂ ಅದಕ್ಕೆ ನಿಧಾನವೆಂಬ ಅಪಖ್ಯಾತಿ. 1956ರಲ್ಲಿ ಐಬಿಎಂನವರು ಮಾಡಿದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ 50 ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಮಿಗಿಲು, ಹಿಡಿಸುತ್ತಿದ್ದದ್ದು 5 ಎಂಬಿಯ ಆಸುಪಾಸು. ಈಗ ಮದುವೆಗೆ ಹೋದವರು ಊಟದೆಲೆಯ ಒಂದು ಫೋಟೊ ಕಳಿಸಿದರೆ ಅಷ್ಟಾಗುತ್ತದೆ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಪ್ರದಕ್ಷಿಣೆಯೂ ಇಲ್ಲ. ಬರೇ ಚಿಪ್ಪುಗಳು. ಟೊಷಿಬಾದಲ್ಲಿದ್ದ ಫುಜಿಯೊ ಮಸುಓಕಾ ಎಂಬ ಎಂಜಿನಿಯರು 1980ರ ದಶಕದಲ್ಲಿ ಕಂಡುಹಿಡಿದ ಫ್ಲ್ಯಾಷ್ ಮೆಮೊರಿ ಅದು. ಬರೆದದ್ದೆಲ್ಲ ಒಂದೇ ಏಟಿಗೆ ಅಳಿಸಿಹೋಗುವುದನ್ನು ನೋಡಿ, ಕ್ಯಾಮೆರಾದ ಫ್ಲ್ಯಾಷ್ ನೆನಪಾಗಿ, ಅವರ ಸಹೋದ್ಯೋಗಿಯೊಬ್ಬರು ಇಟ್ಟ ಹೆಸರಂತೆ. ಬರೆದದ್ದು ಉಳಿಯಲೆಂದು ಕೊಳ್ಳುವ ವಸ್ತುವಿಗೆ ಅಳಿಸುವ ವೇಗದ ಹೆಸರು. ಇರಲಿ.

ಆಷಾಢ ಬಂತು. ಮದುವೆ, ಮುಂಜಿ, ಗೃಹಪ್ರವೇಶ ಯಾವುದೂ ಇಲ್ಲದ ತಿಂಗಳಾದ್ದರಿಂದ ಬಿಡುವಿತ್ತು. ಕಣ್ಣಿನ ಡಾಕ್ಟರಿಗೆ ತೋರಿಸಲು ಬೆಂಗಳೂರಿಗೆ ಹೋದವನು ಹಾಗೇ ಎಸ್.ಪಿ. ರಸ್ತೆಗೂ ಹೋಗಿಬಂದೆ. ಸಾದರ ಪತ್ರಪ್ಪ ರಸ್ತೆ ಎಂಬ ಪೂರ್ತಿ ಹೆಸರು ಹೇಳಿದ್ದಕ್ಕೆ ಆಟೊದವನು ಅದೆಲ್ಲಿ ಬರುತ್ತದೆ ಎಂದು ನನ್ನನ್ನೇ ಕೇಳಿದ. ಒಬ್ಬರೇ ಹೋಗಬಹುದಾದ ಓಣಿಯಲ್ಲಿ ನಾಲ್ವರು ಹೋಗುತ್ತಿದ್ದರು. ಅಂಗಡಿಯ ಹುಡುಗ ಫೋನಿನಲ್ಲಿ ಯಾರಿಗೋ ಬೆಲೆ ಹೇಳುತ್ತಲೇ ನನ್ನ ಕೈಗೊಂದು ಚಿಕ್ಕ ಪೆಟ್ಟಿಗೆ ಇಟ್ಟ. 500 ಜಿಬಿ. ತೆಗೆದು ನೋಡಿದರೆ ವಿಭೂತಿ ಗಟ್ಟಿಯಷ್ಟು ಹಗುರ. ಮೂರು ಸಾವಿರ ಚಿಲ್ಲರೆ ಕೊಟ್ಟು ಇಷ್ಟು ಹಗುರವಾದ ವಸ್ತುವನ್ನು ನಾನು ಈ ಮೊದಲು ಕೊಂಡದ್ದು ಚಿನ್ನದಂಗಡಿಯಲ್ಲಿ ಮಾತ್ರ.

ಮನೆಗೆ ಬಂದು ಚೀಲದಿಂದ ತೆಗೆಯುವುದರೊಳಗೆ ಹೆಂಡತಿ ಕಂಡಳು.

"ಆಷಾಢದಲ್ಲಿ ಹೊಸದು ತಂದ್ರಾ?"

"ಹೊಸದಲ್ಲ ಕಣೆ, ಹಳೇ ಕಂಪ್ಯೂಟರಿನ ರಿಪೇರಿ."

"ರಿಪೇರಿಗೆ ಪ್ಲಾಸ್ಟಿಕ್ ಸುತ್ತಿದ ಡಬ್ಬಿ ಯಾಕೆ ಬರತ್ತೆ? ಶ್ರಾವಣ ಬರ್ಲಿ ಬಿಡಿ. ಏಳು ವರ್ಷ ಕಾದಿದ್ದು ಏಳು ವಾರ ಆಗಲ್ವಾ?"

ಏಳಲ್ಲ ಮೂರೇ ವಾರ ಇದ್ದದ್ದು. ಅವಳ ಲೆಕ್ಕ ತಪ್ಪು, ಆದ್ದರಿಂದ ಅವಳ ಮಾತೂ ತಪ್ಪು ಎಂದು ತೀರ್ಮಾನಿಸಿ ಸ್ಕ್ರೂಡ್ರೈವರು ಹುಡುಕಿದೆ.

ಕಂಪ್ಯೂಟರಿನ ಪಕ್ಕದ ತಗಡು ತೆಗೆದರೆ ಒಳಗೆ ಹಲವು ವರ್ಷಗಳ ಮೈಸೂರಿನ ಧೂಳು ಹತ್ತಿಯ ಹಾಗೆ ಕೂತಿತ್ತು. ಹಲ್ಲಿಯ ಎರಡು ಮೊಟ್ಟೆ ಸಿಪ್ಪೆ. ಅಂದರೆ ನಾನು ಕಾಫಿ ಕುಡಿಯುತ್ತ ಕಾಯುತ್ತಿದ್ದಾಗ ಒಳಗೆ ಒಂದು ಸಂಸಾರವೇ ನಡೆದು ಮುಗಿದಿತ್ತು. ಅಂಗಡಿಯ ಹುಡುಗ ಕೊಟ್ಟಿದ್ದ ಕೆಂಪು ಕೇಬಲ್ಲನ್ನು ಡಿಸ್ಕಿಗೂ ಬೋರ್ಡಿಗೂ ಸಿಕ್ಕಿಸಿದೆ. ಗುಂಡಿ ಒತ್ತಿದೆ. ಏನೂ ಇಲ್ಲ. ಅಂದರೆ ಹಳೆಯದು ಎಂದಿನಂತೆ ಅಡಿಕೆ ಕತ್ತರಿಸಿತು, ಹೊಸದರ ಸುಳಿವೇ ಇಲ್ಲ. ಇದಕ್ಕೆ ಜೀವವಿದೆಯೋ ಇಲ್ಲವೋ ನೋಡೋಣವೆಂದು ಕಿವಿಯಿಟ್ಟೆ. ಸದ್ದಿಲ್ಲ. ಸದ್ದೇ ಮಾಡದಿರುವುದು ಅದರ ಹೆಗ್ಗಳಿಕೆಯೆಂದು ಪೆಟ್ಟಿಗೆಯ ಮೇಲೆ ಬರೆದಿತ್ತಲ್ಲ, ಹಾಗಾಗಿ ಸತ್ತ ಎಸ್‌ಎಸ್‌ಡಿಗೂ ಬದುಕಿದ ಎಸ್‌ಎಸ್‌ಡಿಗೂ ಕಿವಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅರ್ಧ ಗಂಟೆಯ ನಂತರ ಗಮನಕ್ಕೆ ಬಂತು: ಅದಕ್ಕೆ ಎರಡು ಬಾಯಿ. ಚಿಕ್ಕದರಲ್ಲಿ 7 ಗೀಟು, ದೊಡ್ಡದರಲ್ಲಿ 15. ಚಿಕ್ಕದು ಮಾತಿಗೆ, ದೊಡ್ಡದು ಅನ್ನಕ್ಕೆ. ನಾನು ಮಾತಿನ ಕೇಬಲ್ ಕೊಟ್ಟು ಕರೆಂಟಿನ ಕೇಬಲ್ ಮರೆತಿದ್ದೆ. ಅನ್ನ ಹಾಕದೆ ಮಾತಾಡು ಎಂದರೆ ಯಾರು ಮಾತಾಡುತ್ತಾರೆ?

ಅದನ್ನೂ ಕೊಟ್ಟು, ಡಿಲೀಟ್ ಕೀಲಿ ಪಟಪಟ ಒತ್ತಿ ಬಯಾಸ್ ಎಂಬ ನೀಲಿ ಕಚೇರಿಯೊಳಗೆ ಹೋದೆ. ಮೊದಲ ಪುಟದಲ್ಲೇ ಹೊಸ ಡಿಸ್ಕಿನ ಹೆಸರು, ಅಳತೆ ಎಲ್ಲ ಸ್ಪಷ್ಟವಾಗಿ ಮೂಡಿತ್ತು. ಹೆಂಡತಿಯನ್ನು ಕರೆದು ತೋರಿಸಿದೆ. ಆಮೇಲೆ 'ಬೂಟ್' ಎಂಬ ಪುಟಕ್ಕೆ ಹೋದೆ, ಯಾರಿಂದ ಶುರುವಾಗಬೇಕು ಎಂಬ ಪಟ್ಟಿ ಇರುವ ಪುಟ. ಅಲ್ಲಿ ಹಳೆಯ ಡಿಸ್ಕಿದೆ, ಡಿವಿಡಿ ಡ್ರೈವಿದೆ, ಯಾರೂ ಕೇಳದ ನೆಟ್‌ವರ್ಕ್ ಇದೆ. ಹೊಸದಿಲ್ಲ.

ನನಗೆ ನವೆಂಬರ್ ನೆನಪಾಯಿತು. ನವೆಂಬರ್ ಬಂದರೆ ಪಿಂಚಣಿದಾರರು ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡಬೇಕು. ಒಂದು ವರ್ಷ ನಾನು ಕೊಟ್ಟದ್ದು ಎಲ್ಲೋ ಸೇರದೆ ಹೋಗಿ, ಪಿಂಚಣಿ ನಿಂತು, ವಿಚಾರಿಸಲು ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಬಹಳ ಮರ್ಯಾದಸ್ಥೆ. "ಕೂತ್ಕೊಳಿ ಸಾರ್, ನೀರು ಬೇಕಾ ಸಾರ್" ಎಂದೆಲ್ಲ ಉಪಚರಿಸಿ, ಆಮೇಲೆ ಪರದೆ ನೋಡಿ, "ಸಾರ್, ನೀವು ಲಿಸ್ಟಲ್ಲಿಲ್ಲ" ಅಂದಳು. ನೀರು ಕುಡಿದವನು ನಾನೇ, ಇಲ್ಲದವನೂ ನಾನೇ. ಈಗ ನನ್ನ ಡಿಸ್ಕಿನದೂ ಅದೇ ಪಾಡು. ಒಂದು ಪುಟದಲ್ಲಿ ಹೆಸರು ಹಿಡಿದು ಮಾತಾಡಿಸಿದ ಕಚೇರಿ ಇನ್ನೊಂದು ಪುಟದಲ್ಲಿ ಯಾರು ನೀನು ಎನ್ನುತ್ತಿದೆ.

ಆ ದಿನ ಅಷ್ಟಕ್ಕೇ ಮುಗಿಯಿತು. ಮಾರನೆಯ ದಿನ ಮೊಂಡುತನದಿಂದ ಆ ಪುಟವನ್ನು ಕೆಳಗಿನವರೆಗೂ ಓದಿದೆ. ತಳದಲ್ಲಿ 'ಹಾರ್ಡ್ ಡ್ರೈವ್ ಬಿಬಿಎಸ್ ಪ್ರಯಾರಿಟೀಸ್' ಎಂಬ ಒಳಬಾಗಿಲೊಂದಿತ್ತು. ತೆರೆದರೆ, ಅಗೋ, ಹಳೆಯದರ ಬೆನ್ನಿಗೆ ಹೊಸದು ತಲೆ ತಗ್ಗಿಸಿ ನಿಂತಿದೆ! ಆಗ ತಿಳಿಯಿತು, ಇದು ನಮ್ಮ ಲಗ್ನಪತ್ರಿಕೆಯ ಕ್ರಮ. ಮನೆಗೊಂದೇ ಹೆಸರು. ಯಜಮಾನರ ಹೆಸರು ಬರೆದು "ಮತ್ತು ಕುಟುಂಬದವರು" ಎಂದು ಮುಗಿಸುತ್ತೇವಲ್ಲ, ಹಾಗೆ ಈ ಬಯಾಸು ಹಾರ್ಡ್ ಡಿಸ್ಕುಗಳ ಮನೆಗೆ ಒಂದೇ ಆಮಂತ್ರಣ ಕೊಡುತ್ತದೆ. ಒಳಗೆ ಎಷ್ಟು ಜನರಿದ್ದಾರೆ, ಯಾರು ಹಿರಿಯರು ಎಂಬುದನ್ನು ಒಳಬಾಗಿಲಿಗೆ ಹೋಗಿಯೇ ಬದಲಾಯಿಸಬೇಕು. ಎಷ್ಟು ಜನ ಹೊಸ ಡಿಸ್ಕು ಕೆಟ್ಟಿದೆಯೆಂದು ವಾಪಸ್ಸು ಕೊಟ್ಟು ಬಂದಿದ್ದಾರೋ, ಈ ಒಂದು ಬಾಗಿಲು ಕಾಣದೆ.

ಹೊಸದನ್ನು ಮೇಲಕ್ಕೇರಿಸಿ, ಎಫ್10 ಒತ್ತಿ, ಕೈ ಕಟ್ಟಿ ಕೂತೆ. ಪರದೆ ಕಪ್ಪಾಯಿತು. ಮೂಲೆಯಲ್ಲಿ ಬಿಳಿಯ ಅಕ್ಷರದ ಎರಡು ಸಾಲು. ಮತ್ತೆ ಶುರು ಮಾಡಿ ಸರಿಯಾದ ಬೂಟ್ ಡಿವೈಸನ್ನು ಆರಿಸು, ಇಲ್ಲವೇ ಅಂಥದ್ದೊಂದನ್ನು ಒಳಗೆ ಹಾಕಿ ಯಾವುದಾದರೊಂದು ಕೀಲಿ ಒತ್ತು ಎಂಬ ಅರ್ಥದ ಮಾತು. ಸರಿಯಾದದ್ದು ಎಂದರೆ ಏನರ್ಥ? ಹಾಗಾದರೆ ನನ್ನದು ತಪ್ಪಾದದ್ದೇ? ಅಂಗಡಿಗೆ ಫೋನು ಮಾಡಿದೆ.

"ಸಾರ್, ಅದರೊಳಗೆ ಏನ್ ಹಾಕಿದೀರಾ?" ಹುಡುಗ ಕೇಳಿದ.

"ಏನೂ ಹಾಕಿಲ್ಲಪ್ಪ. ಹೊಚ್ಚ ಹೊಸದು. ನೀನು ಕೊಟ್ಟಿದ್ದು ಕೊಟ್ಟ ಹಾಗೇ ಇದೆ."

ಆ ಕಡೆ ಸ್ವಲ್ಪ ಹೊತ್ತು ಮೌನ. "ಸಾರ್, ಖಾಲಿ ಡಿಸ್ಕಿಂದ ಏನ್ ಬೂಟ್ ಆಗತ್ತೆ ಸಾರ್?"

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಎದುರಾದಾಗ ಮಾಡುವುದೊಂದೇ, ಸಿಗ್ನಲ್ ಸರಿಯಿಲ್ಲವೆಂದು ಹೇಳಿ ಫೋನಿಡುವುದು.

ಬೂಟ್ ಎಂಬ ಈ ಮಾತಿನ ಹಿಂದೆಯೇ ಒಂದು ತಮಾಷೆಯಿದೆ. ಬೂಟಿನ ಹಿಂಭಾಗದ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಆಗದ ಹೋಗದ ಕೆಲಸದ ಮಾತಿನಿಂದ ಬಂದದ್ದು. ಜರ್ಮನಿಯ ಬ್ಯಾರನ್ ಮುಂಚೌಸನ್ ಕಥೆಗಳಲ್ಲಿ ಅವನು ಕೆಸರಿನಲ್ಲಿ ಹೂತುಹೋದಾಗ ತನ್ನ ಜುಟ್ಟು ತಾನೇ ಹಿಡಿದು, ಕುದುರೆ ಸಮೇತ ಮೇಲೆತ್ತಿಕೊಳ್ಳುತ್ತಾನೆ. ನಮಗೆ ಬೂಟಿಗಿಂತ ಜುಟ್ಟೇ ಒಪ್ಪುತ್ತದೆ. ಕಂಪ್ಯೂಟರಿಗೂ ಅದೇ ಇಕ್ಕಟ್ಟು. ಡಿಸ್ಕಿನಲ್ಲಿರುವುದನ್ನು ಓದಲು ಒಂದು ಪ್ರೋಗ್ರಾಮ್ ಬೇಕು, ಆ ಪ್ರೋಗ್ರಾಮ್ ಇರುವುದು ಡಿಸ್ಕಿನಲ್ಲಿ. ನಮ್ಮ ಅಜ್ಜಿಯ ಮನೆಯಲ್ಲಿ ಬೆಳಗ್ಗೆ ಎಲ್ಲರನ್ನೂ ಎಬ್ಬಿಸುತ್ತಿದ್ದವಳು ಅಜ್ಜಿ. ಅಜ್ಜಿ ಎದ್ದು ಅತ್ತೆಯನ್ನು ಎಬ್ಬಿಸುವಳು, ಅತ್ತೆ ಮಾವನನ್ನು, ಮಾವ ಹಟ್ಟಿಯ ಆಳನ್ನು, ಆಳು ದನಗಳನ್ನು, ದನಗಳು ಕೂಗಿ ನಮ್ಮನ್ನು. ಅಜ್ಜಿಯನ್ನು ಯಾರು ಎಬ್ಬಿಸುತ್ತಾರೆಂದು ನನಗೆ ಬಾಲ್ಯದಲ್ಲಿ ಬಹಳ ದಿನ ಚಿಂತೆಯಿತ್ತು. ಕಂಪ್ಯೂಟರಿನ ಅಜ್ಜಿ ಬೋರ್ಡಿನ ಮೇಲೆ ಅಂಟಿಕೊಂಡಿರುವ ಒಂದು ಪುಟ್ಟ ಚಿಪ್ಪು. ಬಯಾಸ್ ಅಂದರೆ ಅದೇ. ಕರೆಂಟು ಬಂದೊಡನೆ ಏಳುವುದು ಅದರ ಹಣೆಬರಹ. ಎದ್ದು ಡಿಸ್ಕಿನ ಬಾಗಿಲು ತಟ್ಟುತ್ತದೆ.

ಹಳೆಯ ಪದ್ಧತಿಯಲ್ಲಿ ಅದು ತಟ್ಟುವ ಬಾಗಿಲು ಡಿಸ್ಕಿನ ಮೊಟ್ಟಮೊದಲ 512 ಬೈಟುಗಳು. 1983ರಲ್ಲಿ, ಆಗಿನ ಪಿಸಿಗಳಿಗೆ ಹಾರ್ಡ್ ಡಿಸ್ಕು ಬಂದಾಗ ಮಾಡಿದ ಏರ್ಪಾಡು. ಮಾಸ್ಟರ್ ಬೂಟ್ ರೆಕಾರ್ಡ್ ಎಂಬ ದೊಡ್ಡ ಹೆಸರು, ಎಂಬಿಆರ್ ಎಂದು ಕರೆಯುತ್ತಾರೆ. ಅದರಲ್ಲಿ ಎಬ್ಬಿಸುವ ಮಂತ್ರಕ್ಕೆ ಸಿಗುವುದು 446 ಬೈಟು, ಡಿಸ್ಕನ್ನು ಯಾರ್ಯಾರಿಗೆ ಹೇಗೆ ಪಾಲು ಮಾಡಿದೆ ಎಂಬ ಪತ್ರಕ್ಕೆ 64, ಕೊನೆಯ ಎರಡು ಬೈಟು ರುಜು. ಆ ರುಜು ಇಲ್ಲದಿದ್ದರೆ ಅಜ್ಜಿ ಮುಂದಕ್ಕೆ ಹೋಗುವುದಿಲ್ಲ. 446 ಬೈಟು ಎಂದರೆ ಎಷ್ಟು ಎಂದು ಕೂತು ಲೆಕ್ಕ ಹಾಕಿದೆ. ಯುನಿಕೋಡಿನ ಈಗಿನ ರೂಢಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕು. ಕೊಂಬು, ದೀರ್ಘ, ಒತ್ತು ಎಲ್ಲ ಬಿಡಿಬಿಡಿ ಲೆಕ್ಕ. ಹಾಗಾದರೆ 148 ಚಿಹ್ನೆ. ನಮ್ಮ ಮನೆಯ ವಿಳಾಸವನ್ನು ಅಡ್ಡರಸ್ತೆ, ಗಣಪತಿ ದೇವಸ್ಥಾನದ ಹಿಂಭಾಗ, ಎರಡನೇ ಹಂತ ಎಲ್ಲ ಸೇರಿಸಿ ಬರೆದರೆ ಅಷ್ಟಕ್ಕೆ ಹಿಡಿಸುವುದು ಕಷ್ಟ. ಅಷ್ಟು ಜಾಗದಲ್ಲಿ ಒಂದು ಯಂತ್ರವನ್ನು ಎಬ್ಬಿಸುವ ಮಂತ್ರ ಬರೆದಿಟ್ಟವರಿಗೆ ಲಲಿತ ಪ್ರಬಂಧ ಬರೆಯುವವರು ನಮಸ್ಕರಿಸಬೇಕು.

ನನ್ನ ಹೊಸ ಡಿಸ್ಕಿನ ಆ ಜಾಗದಲ್ಲಿ ಇದ್ದದ್ದು ಸೊನ್ನೆಗಳು. ಬೂಟ್ ಡಿವೈಸ್ ಎಂದರೆ ಡಿಸ್ಕು ಎಂದು ನಾನು ತಿಳಿದಿದ್ದೆ. ಅದು ಡಿಸ್ಕಲ್ಲ, ಡಿಸ್ಕಿನ ಮೇಲಿರುವ ಬರಹ. ಪುರೋಹಿತರು ಎಂದರೆ ಪಂಚೆ ಶಲ್ಯ ಅಲ್ಲವಲ್ಲ, ಹಾಗೆ. ಇಷ್ಟಾದರೂ ನನಗೆ ಬಯಾಸಿನವರ ಮೇಲೆ ಒಂದು ಅಸಮಾಧಾನ ಉಳಿದೇ ಇದೆ. "ಈ ಡಿಸ್ಕು ಖಾಲಿಯಿದೆ" ಎಂದು ಮೂರು ಪದ ಬರೆಯಲು ಅವರಿಗೆ ಜಾಗವಿರಲಿಲ್ಲವೇ? ಗೊತ್ತಿದ್ದೂ ಹೇಳದೆ, ಸರಿಯಾದದ್ದನ್ನು ತಾ ಎಂದು ವಾಪಸ್ಸು ಕಳಿಸುವುದನ್ನು ನಾವು ತಾಲ್ಲೂಕು ಕಚೇರಿಗಳಲ್ಲಿ ಕಂಡಿದ್ದೇವೆ, ಯಂತ್ರಕ್ಕೆ ಯಾಕೆ ಕಲಿಸಬೇಕಿತ್ತು?

ಮತ್ತೆ ಒಳಬಾಗಿಲಿಗೆ ಹೋಗಿ ಹಳೆಯದನ್ನೇ ಮೇಲಿಟ್ಟು, ಅದರಿಂದ ಕಂಪ್ಯೂಟರು ಎಬ್ಬಿಸಿ, ತಮ್ಮನ ಮಗ ಫೋನಿನಲ್ಲಿ ಹೇಳಿದಂತೆ ಒಂದು ಪೆನ್ ಡ್ರೈವಿಗೆ ವಿಂಡೋಸ್ 10 ತುಂಬಿದೆ. ಹಳೆಯದನ್ನು ಮೇಲಿಟ್ಟೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ನಾನು ಮರೆತೆ. ಪೆನ್ ಡ್ರೈವಿನಿಂದ ಶುರು ಮಾಡಿದಾಗ, ಎಲ್ಲಿ ಹಾಕಲಿ ಎಂದು ಕೇಳಿತು. ಎರಡು ಡಿಸ್ಕು ತೋರಿಸಿತು, ಒಂದು 931 ಜಿಬಿ, ಒಂದು 465. ನಾನು ಕೊಂಡದ್ದು 500. ಮಾರುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸು 1024ರ ಲೆಕ್ಕದಲ್ಲಿ ಅಳೆಯುತ್ತದೆ. ಹಿಂದೆ ಸಂತೆಯಲ್ಲೂ ಕೊಡುವ ಸೇರು ಒಂದು, ಕೊಳ್ಳುವ ಸೇರು ಒಂದು ಇರುತ್ತಿತ್ತಂತೆ. 465ನ್ನು ಒತ್ತಿದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮೊದಲ ಸಲ ತಾನಾಗಿ ಎದ್ದಾಗ ಗಡಿಯಾರ ಹಿಡಿದು ಕೂತಿದ್ದೆ. 22 ಸೆಕೆಂಡು. ಹಾಲಿನ ಪಾತ್ರೆ ಒಲೆಯ ಮೇಲಿಡುವಷ್ಟೂ ಹೊತ್ತಲ್ಲ.

ಒಂದು ವಾರ ಮನೆಗೆ ಬಂದವರಿಗೆಲ್ಲ ಕಂಪ್ಯೂಟರು ಆರಿಸಿ ಮತ್ತೆ ಹಚ್ಚಿ ತೋರಿಸಿದೆ. ಗ್ಯಾಸ್ ತಂದ ಹುಡುಗನಿಗೂ.

ಆಷಾಢ ಶುಕ್ರವಾರ ಹೆಂಡತಿ ಅಕ್ಕಪಕ್ಕದವರ ಜೊತೆ ಬೆಳಗಿನ ಜಾವಕ್ಕೇ ಚಾಮುಂಡಿ ಬೆಟ್ಟಕ್ಕೆ ಹೊರಟಳು. ಆ ದಿನದ ಸಾಲನ್ನು ಕಂಡವರಿಗೆ ಗೊತ್ತು, ಮಧ್ಯಾಹ್ನದವರೆಗೆ ಮನೆ ನನ್ನದು. ಹಳೆಯ ಡಿಸ್ಕು ಇನ್ನು ಯಾಕೆ, ಬಿಚ್ಚಿ ಬೇರೆ ಡಬ್ಬಿಗೆ ಹಾಕಿದರೆ ಫೋಟೊಗಳಿಗಾಯಿತು ಎಂದು ಅದರ ಕೇಬಲ್ ಕಿತ್ತೆ. ಗುಂಡಿ ಒತ್ತಿದೆ. ಪರದೆ ಕಪ್ಪು. ಮೂಲೆಯಲ್ಲಿ ಅದೇ ಎರಡು ಸಾಲು, ಸರಿಯಾದ ಬೂಟ್ ಡಿವೈಸ್.

ಹಳೆಯದನ್ನು ಸಿಕ್ಕಿಸಿದೆ, 22 ಸೆಕೆಂಡಿನಲ್ಲಿ ಎದ್ದಿತು. ಬಿಚ್ಚಿದೆ, ಕಪ್ಪು. ಸಿಕ್ಕಿಸಿದೆ, ಎದ್ದಿತು. ಹೀಗೆ ಐದಾರು ಸಲ. ವಿಂಡೋಸು ಪೂರ್ತಿ ಹೊಸದರಲ್ಲೇ ಇದೆ, ಕಣ್ಣಾರೆ ನೋಡಿದ್ದೇನೆ. ಹಳೆಯದು ಸುಮ್ಮನೆ ಪಕ್ಕದಲ್ಲಿ ಕೂತಿದೆ. ಆದರೂ ಅದು ಕೂತಿರದಿದ್ದರೆ ಇದು ಏಳುವುದಿಲ್ಲ. ತಮ್ಮನ ಮಗನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ.

"ಇನ್‌ಸ್ಟಾಲ್ ಮಾಡೋವಾಗ ಎರಡೂ ಡಿಸ್ಕ್ ಕನೆಕ್ಟ್ ಆಗಿತ್ತಾ ದೊಡ್ಡಪ್ಪ?"

"ಆಗಿತ್ತಪ್ಪ. ಯಾಕೆ, ಆಗಬಾರದಾ?"

"ಅಯ್ಯೋ. ವಿಂಡೋಸ್ ಏನ್ ಮಾಡತ್ತೆ ಅಂದ್ರೆ, ಮೊದಲ ಡಿಸ್ಕಲ್ಲಿ ಆಗ್ಲೇ ಒಂದು ಬೂಟ್ ಜಾಗ ಇದ್ರೆ, ಅದನ್ನೇ ಉಪಯೋಗಿಸ್ಕೊಂಡು ಬಿಡತ್ತೆ. ನಿಮ್ಮ ಹಳೇ ವಿಂಡೋಸ್ 7 ಒಂದು 100 ಎಂಬಿ ಕೋಣೆ ಮಾಡಿಟ್ಟಿರತ್ತೆ, ಸಿಸ್ಟಮ್ ರಿಸರ್ವ್ಡ್ ಅಂತ. ಬೂಟ್ ಮ್ಯಾನೇಜರ್ ಅಲ್ಲೇ ಕೂತಿದೆ. ಉಳಿದದ್ದೆಲ್ಲ ಹೊಸದ್ರಲ್ಲಿದೆ."

ಅಷ್ಟರಲ್ಲಿ ಹೆಂಡತಿ ಕುಂಕುಮ, ಪ್ರಸಾದದ ಪೊಟ್ಟಣ ಹಿಡಿದು ಒಳಗೆ ಬಂದಳು. ಮೆಟ್ಟಿಲು ಇಳಿದ ಕಾಲುನೋವಿಗೆ ಕುರ್ಚಿಯಲ್ಲಿ ಕೂತು ನಮ್ಮ ಮಾತು ಕೇಳಿದಳು. ನಾನು ಅವಳಿಗೆ ಅರ್ಥವಾಗಲೆಂದು ಮತ್ತೊಮ್ಮೆ ವಿವರಿಸಹೊರಟೆ.

"ಗೊತ್ತಾಯ್ತು ಬಿಡಿ. ಸೊಸೆ ಮನೆಗೆ ಬಂದು ಅಡುಗೆ, ಸಾಮಾನು, ಪಾತ್ರೆಪಡಗ ಎಲ್ಲ ಜೋಡಿಸ್ಕೊಂಡಿದಾಳೆ. ಬೀಗದ ಕೈ ಗೊಂಚಲು ಮಾತ್ರ ಅತ್ತೆ ಸೊಂಟದಲ್ಲೇ ಇದೆ. ಅತ್ತೆ ಊರಿಗೆ ಹೋದ್ರೆ ಉಗ್ರಾಣ ತೆಗಿಯೋಕಾಗಲ್ಲ. ಅಷ್ಟೇ ತಾನೆ?"

ಫೋನಿನ ಆ ಕಡೆಯಿಂದ ನಗು. "ದೊಡ್ಡಮ್ಮ, ಇದಕ್ಕಿಂತ ಚೆನ್ನಾಗಿ ನಮ್ಮ ಆಫೀಸಲ್ಲಿ ಯಾರೂ ಹೇಳಲ್ಲ."

"ಅದಕ್ಕೇ ಹೇಳಿದ್ದು ಆಷಾಢದಲ್ಲಿ ಬೇಡ ಅಂತ. ಅತ್ತೆ ಸೊಸೆ ಆಷಾಢದಲ್ಲಿ ಒಂದೇ ಹೊಸಿಲು ದಾಟಬಾರದು. ನೀವು ಇಬ್ಬರನ್ನೂ ಒಂದೇ ಡಬ್ಬೀಲಿ ಕೂರಿಸಿದ್ರಿ."

ನಾನು ಇಷ್ಟು ವರ್ಷ ಆ ಪದ್ಧತಿಗೆ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಕಾರಣಗಳನ್ನು ಹೇಳುತ್ತಿದ್ದವನು. ಉತ್ತು ಬಿತ್ತುವ ಕಾಲ, ಹೊಸ ದಂಪತಿಗಳು ಜೊತೆಗಿದ್ದರೆ ಬೇಸಿಗೆಯ ಬಿರುಬಿಸಿಲಿಗೆ ಹೆರಿಗೆ, ಇತ್ಯಾದಿ. ವಿಂಡೋಸಿಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ದಾರಿ ಎರಡಿದ್ದವು. ಬಿಸಿಡಿಬೂಟ್ ಎಂಬ ಒಂದು ಸಾಲಿನ ಆಜ್ಞೆಯಿಂದ ಬೀಗದ ಕೈಯ ನಕಲು ಮಾಡಿ ಹೊಸದರಲ್ಲಿಡುವುದು ಒಂದು. ಹಳೆಯದನ್ನು ಹೊರಗಿಟ್ಟು ಮೊದಲಿನಿಂದ ಮಾಡುವುದು ಇನ್ನೊಂದು. ಹೊಸದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇರಲಿಲ್ಲವಾದ್ದರಿಂದ ಎರಡನೆಯದೇ ಸರಿ ಅಂದ. ಹೇಗೂ ಮಾಡುತ್ತಿದ್ದೀರಿ, ಹೊಸ ಪದ್ಧತಿಯಲ್ಲೇ ಮಾಡಿ ಅಂತಲೂ ಸೇರಿಸಿದ. ಯುಇಎಫ್‌ಐ ಎಂಬುದು ಹೊಸ ಪದ್ಧತಿ. ಅದರಲ್ಲಿ 446 ಬೈಟಿನ ಜಿಪುಣತನವಿಲ್ಲ. ಡಿಸ್ಕಿನ ಪಾಲುಪತ್ರ ಜಿಪಿಟಿ ಎಂಬ ಹೊಸ ಬಗೆಯದು. ಎಬ್ಬಿಸುವ ಮಂತ್ರಕ್ಕೆ ಪ್ರತ್ಯೇಕ ಕೋಣೆ, ಅದರೊಳಗೆ ಹೆಸರಿರುವ ಒಂದು ಫೈಲು. ಬಯಾಸಿನಲ್ಲಿ ಸಿಎಸ್‌ಎಂ ಎಂಬ ಹಳೆಯ ಪದ್ಧತಿಯ ಗುಂಡಿಯನ್ನು ಆರಿಸಬೇಕು. ಪೆನ್ ಡ್ರೈವು ಆರಿಸುವ ಪಟ್ಟಿಯಲ್ಲಿ ಒಂದೇ ಪೆನ್ ಡ್ರೈವಿನ ಹೆಸರು ಎರಡು ಸಲ ಬಂದರೆ ಗಾಬರಿಯಾಗದೆ, ಹಿಂದೆ ಯುಇಎಫ್‌ಐ ಎಂದು ಬರೆದಿರುವುದನ್ನೇ ಒತ್ತಬೇಕು. ನಾನು ಗಾಬರಿಯಾದೆ, ಆದರೂ ಸರಿಯಾದದ್ದನ್ನೇ ಒತ್ತಿದೆ. ಆಗ ಅದು, ಈ ಡಿಸ್ಕಿನ ಪಾಲುಪತ್ರ ಹಳೇ ಬಗೆಯದು, ಇದರಲ್ಲಿ ಹಾಕಲಾರೆ ಎಂದು ತಕರಾರು ತೆಗೆಯಿತು. ಇದ್ದ ಪಾಲುಗಳನ್ನೆಲ್ಲ ಅಳಿಸಿ ಖಾಲಿ ಮಾಡಿ ಕೊಟ್ಟೆ, ಒಪ್ಪಿಕೊಂಡಿತು. ಅತ್ತೆಯನ್ನು ಅಷ್ಟು ಹೊತ್ತೂ ಬೀರುವಿನ ಮೇಲೆ ಒಂದು ಹಳೇ ಟವೆಲ್ಲಿನ ಮೇಲೆ ಮಲಗಿಸಿದ್ದೆ. ಲೋಕದಲ್ಲಿ ಆಷಾಢಕ್ಕೆ ತವರಿಗೆ ಹೋಗುವವಳು ಸೊಸೆ, ನಮ್ಮಲ್ಲಿ ಮಾತ್ರ ಅತ್ತೆ ಹೋದಳು.

ಎಲ್ಲ ಮುಗಿದ ಮೇಲೆ ಬೂಟ್ ಪುಟಕ್ಕೆ ಹೋಗಿ ನೋಡಿದೆ. ಡಿಸ್ಕಿನ ಹೆಸರೇ ಇಲ್ಲ! ಎದೆ ಧಸಕ್ಕೆಂದಿತು. ಅದರ ಬದಲು 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬ ಹೆಸರಿತ್ತು. ಹೊಸ ಪದ್ಧತಿಯಲ್ಲಿ ಪಟ್ಟಿಗೆ ಹೋಗುವುದು ಡಿಸ್ಕಿನ ಹೆಸರಲ್ಲ, ಅದರಲ್ಲಿರುವ ಎಬ್ಬಿಸುವವನ ಹೆಸರು. ಎರಡು ದಿನ ಪಟ್ಟಿಯಲ್ಲಿ ಡಿಸ್ಕಿನ ಹೆಸರಿಗಾಗಿ ತಡಕಾಡಿದ್ದೆನಲ್ಲ, ಆಗಲೇ ಹೀಗಿದ್ದಿದ್ದರೆ ಅಂಗಡಿಯ ಹುಡುಗನ ಮೌನ ನನಗೆ ತಪ್ಪುತ್ತಿತ್ತು. ಅದನ್ನು ಮೊದಲು ಮಾಡಿ, ಉಳಿಸಿ, ಹೊರಬಂದೆ. 20 ಸೆಕೆಂಡು.

ಆಮೇಲೆ ಅತ್ತೆಯನ್ನು ಬೀರುವಿನಿಂದ ಇಳಿಸಿ ಮತ್ತೆ ಡಬ್ಬಿಯೊಳಗೆ ಕೂರಿಸಿದೆವು, ಫೋಟೊ ಮತ್ತು ನನ್ನ ಬರಹಗಳ ಉಸ್ತುವಾರಿಗೆ. ಹಳೆಯ ಬರಹಗಳನ್ನು ತೆರೆದರೆ ಒಂದಕ್ಷರ ಕನ್ನಡವಿಲ್ಲ, ಇಂಗ್ಲಿಷ್ ಅಕ್ಷರ, ಕಂಸ, ಪ್ರಶ್ನಾರ್ಥಕ ಚಿಹ್ನೆಗಳ ಸಂತೆ. ಯುನಿಕೋಡಿಗೆ ಮೊದಲಿನ ನುಡಿ ಅಕ್ಷರದಲ್ಲಿ ಬರೆದವು ಅವು. ನುಡಿ ತಂತ್ರಾಂಶ ಹಾಕಿದೊಡನೆ ಸಂತೆ ಚದುರಿ ಪ್ರಬಂಧಗಳಾದವು. ಒಂದೆರಡನ್ನು ಓದಿ ನೋಡಿದಾಗ ಹಾಕದೆ ಬಿಟ್ಟಿದ್ದರೂ ನಷ್ಟವಿರಲಿಲ್ಲ ಎನಿಸಿತು.

ಶ್ರಾವಣ ಬಂತು. ಎರಡನೆಯ ಸೋಮವಾರ ಬೆಳಗ್ಗೆ ಗುಂಡಿ ಒತ್ತಿದರೆ ನೀಲಿ ಪರದೆ. ಅಗತ್ಯವಾದ ಸಾಧನವೊಂದು ಸಿಗುತ್ತಿಲ್ಲ ಎಂದು ಇಂಗ್ಲಿಷಿನಲ್ಲಿ ಗೋಳು. ಅಡಿಕೆ ಕತ್ತರಿಸುವ ಸದ್ದು ಬೇರೆ. ಅತ್ತೆ ಮತ್ತೆ ಯಜಮಾನಿಕೆ ವಹಿಸಿಕೊಂಡು, ಮೊದಲ ಸಲ ತನ್ನ ಕೋಣೆಯಲ್ಲಿ ಬರೆದುಕೊಂಡಿದ್ದ ವಿಂಡೋಸನ್ನು ಹುಡುಕುತ್ತಿದ್ದಳು. ಅದನ್ನು ನಾನು ಆಷಾಢದಲ್ಲೇ ಅಳಿಸಿಯಾಗಿತ್ತು. ಬಯಾಸಿನೊಳಗೆ ಹೋಗಿ ನೋಡಿದೆ. ಅಲ್ಲಿನ ಗಡಿಯಾರದಲ್ಲಿ 2014ರ ಜನವರಿ 1. ನಾನು ಬದಲಾಯಿಸಿದ್ದ ಕ್ರಮವೆಲ್ಲ ಮಾಯ, ಸಿಎಸ್‌ಎಂ ಮತ್ತೆ ಹಚ್ಚಿಕೊಂಡು ಕೂತಿದೆ.

ಇದಕ್ಕೆ ಯಾರ ಸಲಹೆಯೂ ಬೇಕಾಗಲಿಲ್ಲ. ಮರೆವು ಏನೆಂದು ಈ ವಯಸ್ಸಿನಲ್ಲಿ ಬೇಗ ಗುರುತು ಸಿಗುತ್ತದೆ. ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ, ಸಿಆರ್2032. 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ, ಹೆಸರಿನಲ್ಲೇ ಅಳತೆಯಿದೆ. ಗೋಡೆಯ ಕರೆಂಟು ಇಲ್ಲದಾಗ ಗಡಿಯಾರವನ್ನೂ ಕ್ರಮವನ್ನೂ ನೆನಪಿಡಲು ನೆರವಾಗುವುದು ಅದು. ನಮ್ಮದು ಸತ್ತು ಬಹಳ ದಿನವಾಗಿದ್ದಿರಬೇಕು. ಗೋಡೆಯ ಸ್ವಿಚ್ಚು ಹಾಕಿಯೇ ಇದ್ದದ್ದರಿಂದ ಇಷ್ಟು ದಿನ ಗೊತ್ತಾಗಿರಲಿಲ್ಲ. ಆ ವಾರ ಕರೆಂಟ್ ಬಿಲ್ಲು ನೋಡಿದ ಹೆಂಡತಿ ರಾತ್ರಿ ಮಲಗುವ ಮುಂಚೆ ಎಲ್ಲ ಸ್ವಿಚ್ಚುಗಳನ್ನೂ ಆರಿಸುವ ನಿಯಮ ತಂದಿದ್ದಳು.

ದೇವರಾಜ ಅರಸು ರಸ್ತೆಯ ಒಂದು ವಾಚಿನ ಅಂಗಡಿಯಲ್ಲಿ ನಲವತ್ತು ರೂಪಾಯಿಗೆ ಬ್ಯಾಟರಿ ಸಿಕ್ಕಿತು. ಹಾಕಿ, ತಾರೀಖು ತಿದ್ದಿ, ಸಿಎಸ್‌ಎಂ ಆರಿಸಿ, ಬೂಟ್ ಮ್ಯಾನೇಜರನ್ನು ಮೇಲೆ ಕೂರಿಸಿದೆ. ಅಂದಿನಿಂದ ಇಂದಿನವರೆಗೆ ಸರಿಯಾಗಿದೆ. ಶ್ರಾವಣದಲ್ಲೂ ಕೆಟ್ಟಿತಲ್ಲ ಎಂದು ಹೆಂಡತಿಯನ್ನು ಕೇಳಿದ್ದಕ್ಕೆ, ಬ್ಯಾಟರಿ ಆಷಾಢದಲ್ಲೇ ಹೋಗಿತ್ತು, ಕಾಣಿಸಿದ್ದು ಶ್ರಾವಣದಲ್ಲಿ ಅಂದಳು. ಅದನ್ನು ಅಲ್ಲಗಳೆಯುವ ಪುರಾವೆ ನನ್ನಲ್ಲಿಲ್ಲ.

ಹೊಸ ಡಿಸ್ಕು ಹಾಕಿಕೊಳ್ಳುವವರಲ್ಲಿ ಒಂದು ವಿನಂತಿ. ವಿಂಡೋಸ್ ಹಾಕುವ ಆ ಒಂದು ಗಂಟೆ ಹಳೆಯದರ ಕೇಬಲ್ಲು ಬಿಚ್ಚಿಡಿ. ತಿಂಗಳು ಯಾವುದಾದರೂ ಆಗಬಹುದು.